ಬೂಸಾ ಯಾವುದು, ಮುದ್ದೆ ಯಾವುದು?

1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅಂದದ್ದೇ ತಡ, ಊರೂರಲ್ಲಿ ಗಲಾಟೆ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರ ಮಂತ್ರಿಗಿರಿಯೂ ಹೋಯಿತು. ಬೂಸಾ ಅಂದರೆ ದನದ ಮೇವು. ಆ ಮಾತಿನ ಖಾರ ಎಲ್ಲರಿಗೂ ತಾಗಿತು. ಅದರೊಳಗಿದ್ದ ಹೊಟ್ಟೆಯ ಲೆಕ್ಕ ಬಹಳ ಮಂದಿಗೆ ಕಾಣಲಿಲ್ಲ. ಬರೆದದ್ದರಲ್ಲಿ ಮನುಷ್ಯರ ಹೊಟ್ಟೆಗೆ ಆಗೋದು ಯಾವುದು ಅನ್ನೋ ಪ್ರಶ್ನೆ ಅದು. ಅದೇ ಪ್ರಶ್ನೆಯನ್ನು ನಾವೀಗ ಊಟದ ಬಗ್ಗೆ ಬರೆದ ಬರಹಗಳಿಗೇ ಹಾಕಬೇಕಾಗಿದೆ.

ಯಾಕೆಂದರೆ ಈಗ ಊಟದ ಬರಹಗಳಿಗೆ ಸುಗ್ಗಿ. ಸರಳ ಅಡುಗೆ, ಕಡಿಮೆ ಖರ್ಚು, ಅಮ್ಮನ ಕೈರುಚಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣುವ ಸುಖ. ಈ ಸುಖ ಸುಳ್ಳು ಅಂತ ನಾವು ಹೇಳೋದಿಲ್ಲ. ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಲಗ್ಗೆರೆಯ ವಠಾರಗಳಲ್ಲಿ ಅದನ್ನು ಉಂಡೇ ನಾವು ಬೆಳೆದದ್ದು. ನಮ್ಮ ತಕರಾರು ಇರುವುದು 'ಸರಳ' ಅನ್ನೋ ಮಾತಿನ ಮೇಲೆ.

ಬಸ್ಸಾರು ನೋಡಿ. ಸೊಪ್ಪು, ಕಾಳು ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಬೇಯಿಸುತ್ತಾರೆ. ಬೆಂದ ನೀರು ಬಸಿದರೆ ಸಾರಿಗಾಯಿತು, ಉಳಿದ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಒಂದು ಒಲೆ, ಒಂದು ಪಾತ್ರೆ, ಎರಡು ಅಡುಗೆ. ಒಂದು ತೊಟ್ಟು ಚೆಲ್ಲುವಂತಿಲ್ಲ. ಉಪ್ಸಾರಿನಲ್ಲಿ ಖಾರವನ್ನು ಬೇರೆಯಾಗಿಯೇ ಅರೆದಿಡುತ್ತಾರೆ. ಕೂಸಿಗೂ ಮುದುಕರಿಗೂ ಒಂದೇ ಸಾರು, ಅವರವರ ನಾಲಿಗೆಗೆ ಅವರವರ ಖಾರ. ಇದನ್ನು ಸರಳ ಅಂತ ಕರೆದು ಮುಂದೆ ಹೋಗುವವರಿಗೆ ಸೌದೆಯ ಬೆಲೆ ಗೊತ್ತಿಲ್ಲ, ಕೂಲಿಯಿಂದ ಬಂದ ಹೆಂಗಸಿನ ಸೊಂಟದ ನೋವು ಗೊತ್ತಿಲ್ಲ. ಇದು ಬಡತನ ಕಟ್ಟಿದ ಶಾಸ್ತ್ರ. ಇದನ್ನು ಯಾರೂ ಗ್ರಂಥ ಮಾಡಲಿಲ್ಲ, ಅಷ್ಟೇ.

ಗ್ರಂಥ ಆದದ್ದು ಬೇರೆಯವರ ಅಡುಗೆ. 16ನೇ ಶತಮಾನದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ' ಬರೆದ. ಷಟ್ಪದಿಯಲ್ಲಿ ಹಿಟ್ಟಿನ ತಿಂಡಿ, ಪಾನಕ, ಅನ್ನ, ಬದನೆ, ಹಲಸು ಎಲ್ಲಕ್ಕೂ ವಿಧಾನ ಉಂಟು. ವಿದ್ಯೆ ದೊಡ್ಡದು, ಒಪ್ಪೋಣ. ಆದರೆ ಅಲ್ಲಿ ಹಸಿದವರಿಲ್ಲ. ಅದಕ್ಕೂ ಮುಂಚೆ, 12ನೇ ಶತಮಾನದಲ್ಲಿ, ಕಲ್ಯಾಣದ ಅರಸ ಮೂರನೇ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ'ದಲ್ಲಿ ಹೊಲದ ಇಲಿಯನ್ನು ಸುಡುವ ವಿಧಾನವೂ ಇದೆ. ಅರಸ ತಿಂದರೆ ಪಾಕಶಾಸ್ತ್ರ, ಅದನ್ನೇ ಕೇರಿಯವರು ತಿಂದರೆ ಥೂ!

ಕನಕದಾಸರು 'ರಾಮಧಾನ್ಯ ಚರಿತ್ರೆ'ಯಲ್ಲಿ ಈ ಜಗಳವನ್ನು ನೇರವಾಗಿ ಎತ್ತಿಕೊಂಡರು. ಭತ್ತಕ್ಕೂ ರಾಗಿಗೂ ಯಾರು ದೊಡ್ಡೋರು ಅಂತ ಮಾತಿಗೆ ಮಾತು. ಭತ್ತ ಕುಲ ಹೇಳಿಕೊಳ್ಳುತ್ತದೆ. ಬರಗಾಲದಲ್ಲಿ ಬಡವರನ್ನು ಕಾಯುವವನು ನಾನು ಅಂತ ರಾಗಿ ತನ್ನ ದುಡಿಮೆ ಹೇಳಿಕೊಳ್ಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಹೊರಗೆ ಬರುತ್ತದೆ. ರಾಗಿಯ ಯೋಗ್ಯತೆಗೆ ದೇವರ ಸರ್ಟಿಫಿಕೇಟ್ ಯಾಕೆ ಬೇಕಿತ್ತು ಅಂತ ನಾವು ಕೇಳಬಹುದು. ಕೇಳೋಣ. ಆದರೂ ಅನ್ನದ ಒಳಗೇ ಜಾತಿ ಇದೆ ಅನ್ನೋದನ್ನು ಇಷ್ಟು ಬಿಚ್ಚಿ ಹೇಳಿದ ಕಾವ್ಯ ನಮಗೆ ಬೂಸಾ ಅಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. ಎರಡು ಕೃತಿಗಳನ್ನು ಎದುರುಬದುರು ಇಟ್ಟು ನೋಡಿ. ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ' 1965ರದು. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ, ಅದನ್ನು ಎತ್ತುವ ತನಕ ಯಾರೂ ಉಣ್ಣುವಂತಿಲ್ಲ. ಹಸಿವು ಅಲ್ಲೂ ಇದೆ, ಆದರೆ ಅದು ಮಡಿಮೈಲಿಗೆಯ ಪ್ರಶ್ನೆಯಾಗಿ ಇದೆ. ಆ ಇಡೀ ಕಾದಂಬರಿಯಲ್ಲಿ ಲೆಕ್ಕಾಚಾರವಿಲ್ಲದೆ ಕೊಟ್ಟ ತುತ್ತು ಅಂದರೆ ಕಾಡಿನ ಕತ್ತಲಲ್ಲಿ ಚಂದ್ರಿ ಪ್ರಾಣೇಶಾಚಾರ್ಯರಿಗೆ ಕೊಟ್ಟ ಬಾಳೆಹಣ್ಣು. ಕೊಟ್ಟವಳು ಅಗ್ರಹಾರಕ್ಕೆ ಬೇಡವಾದ ಹೆಂಗಸು ಅನ್ನೋದನ್ನು ಮರೆಯಬೇಡಿ.

ಇನ್ನೊಂದು ದೇವನೂರ ಮಹಾದೇವರ 'ಒಡಲಾಳ'. ಸಾಕವ್ವನ ಮನೆ. ಸಾಹುಕಾರನ ಕಡೆಯಿಂದ ಕದ್ದು ತಂದ ಕಡಲೆಕಾಯಿ ಮೂಟೆ. ಒಲೆಯ ಸುತ್ತ ಮನೆಮಂದಿ, ಮಕ್ಕಳುಮರಿ ಕೂತು ರಾತ್ರಿಯೆಲ್ಲ ಸುಲಿದು ತಿನ್ನುತ್ತಾರೆ, ಸಿಪ್ಪೆ ಬೆಂಕಿಗೆ ಹೋಗುತ್ತದೆ. ಆಮೇಲೆ ಪೋಲೀಸರು ಬರುತ್ತಾರೆ. ಮನೆಮಂದಿ ಕೂಡಿ ಉಣ್ಣುವ ಸುಖವನ್ನು ಇದಕ್ಕಿಂತ ಚೆನ್ನಾಗಿ ಬರೆದದ್ದು ಕನ್ನಡದಲ್ಲಿ ನಮಗೆ ಕಂಡಿಲ್ಲ. ಅಲ್ಲಿ ಎಣ್ಣೆಯಿಲ್ಲ, ಒಗ್ಗರಣೆಯಿಲ್ಲ, ಎಲೆಯಿಲ್ಲ. ಬೆಂಕಿ ಇದೆ, ಎಲ್ಲರ ಕೈಗೂ ಎಟುಕುವ ಕಾಯಿ ಇದೆ. ಮೈಲಿಗೆ ಆದೀತೆಂಬ ಭಯ ಅಗ್ರಹಾರದ್ದು. ಸಾಕವ್ವನ ಮನೆಯ ಭಯ, ಹೊಟ್ಟೆ ತುಂಬಿದ್ದು ಯಾರಿಗಾದರೂ ಗೊತ್ತಾದೀತು ಅನ್ನೋದು. ಹೊಟ್ಟೆ ತುಂಬಿಸಿಕೊಂಡದ್ದೇ ಅಪರಾಧವಾದ ಮನೆಯಲ್ಲಿ ಆ ಸುಖ ಎಷ್ಟು ದೊಡ್ಡದು ಅಂತ ಆ ಪುಟಗಳು ತೋರಿಸುತ್ತವೆ.

ಆ ಭಯ ಹಳ್ಳಿಯಲ್ಲೇ ಉಳಿಯಿತು ಅಂದುಕೊಳ್ಳಬೇಡಿ. ಅದು ನಮ್ಮ ಹಿಂದೆ ಬಸ್ಸು ಹತ್ತಿ ಬೆಂಗಳೂರಿಗೂ ಬಂತು. ಸಿದ್ಧಲಿಂಗಯ್ಯನವರ 'ಊರುಕೇರಿ'ಯ ಶ್ರೀರಾಮಪುರ, ಗೋಪಾಲಪುರದ ಹಾಸ್ಟೆಲ್ ಎರಡೂ ರಾಜಾಜಿನಗರದ ಮಗ್ಗುಲಲ್ಲೇ ಇವೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದಲ್ಲಿ ಬಾಡಿಗೆ ಮನೆ ಹುಡುಕಿ ಹೊರಟರೆ 'ಸಸ್ಯಾಹಾರಿಗಳಿಗೆ ಮಾತ್ರ' ಅನ್ನೋ ಬೋರ್ಡು ಈಗಲೂ ಸಿಗುತ್ತದೆ. ಬೋರ್ಡಿಲ್ಲದ ಕಡೆ "ನೀವು ಯಾವ ಪೈಕಿ? ಮನೇಲಿ ಏನು ಮಾಡ್ತೀರ?" ಅಂತ ಕೇಳುತ್ತಾರೆ. ಜಾತಿ ಕೇಳಲು ನಾಚಿಕೆಯಾದವರು ಸಾರು ಕೇಳುತ್ತಾರೆ. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವ ಬಂದು ಉಂಡ ಅಂತ ಶರಣರ ಕಥೆ. ಆ ಚೆನ್ನಯ್ಯನನ್ನು ಅಪ್ಪ ಎಂದ ಬಸವಣ್ಣನ ಹೆಸರಿನ ಬಡಾವಣೆಯಲ್ಲಿ ಇವತ್ತು ಚೆನ್ನಯ್ಯ ಬಂದರೆ ಮನೆ ಸಿಕ್ಕೀತೆ?

ಕಡಿಮೆ ಖರ್ಚಿನ ಅಡುಗೆಯ ಮಾತಾಡುವವರು ಇದನ್ನೂ ಹೇಳಬೇಕು: ಕೂಲಿಯವರ ಮನೆಗೆ ಅಗ್ಗದಲ್ಲಿ ಸಿಗುತ್ತಿದ್ದ ಮಾಂಸ ದನದ್ದು. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ನಿಷೇಧದ ಕಾನೂನು, 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದೆಲ್ಲವನ್ನೂ ಮುಚ್ಚಿತು. ಬಡವರ ಪಾತ್ರೆಗೆ ಕೈ ಹಾಕಿದ ಮೇಲೆ ಅಗ್ಗದ ಅಡುಗೆಯ ಉಪದೇಶ ಯಾರಿಗೆ? 2017ರಲ್ಲಿ ಇಂದಿರಾ ಕ್ಯಾಂಟೀನು ಶುರುವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟರು. ಹಸಿದವರಿಗೆ ಅದು ಬೇಕು, ಇರಲಿ. ಆದರೆ ಅಲ್ಲಿ ಹೊಟ್ಟೆ ತುಂಬುತ್ತದೆಯೇ ಹೊರತು, ನಮ್ಮೋರ ಜೊತೆ ಕೂತು ಉಂಡ ಹಾಗೆ ಆಗಲ್ಲ.

ನಮ್ಮೋರ ಜೊತೆ ಅಂದೆವು. ಇಲ್ಲಿ ನಮ್ಮ ಚಳವಳಿಯ ಕಾವ್ಯವನ್ನೂ ಪರೀಕ್ಷೆಗೆ ಹಚ್ಚಬೇಕು. ನಮ್ಮ ಪದ್ಯಗಳಲ್ಲಿ ಅವ್ವ ಎಲ್ಲರಿಗೂ ಬಡಿಸಿ, ಉಳಿದರೆ ಉಂಡು, ಇಲ್ಲದಿದ್ದರೆ ನೀರು ಕುಡಿದು ಮಲಗುತ್ತಾಳೆ. ಕೇಳಿದವರ ಕಣ್ಣು ತುಂಬುತ್ತದೆ, ಚಪ್ಪಾಳೆ ಬೀಳುತ್ತದೆ. ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಕೆಂಗೇರಿ ಕಡೆಯಲ್ಲಿ ನಸುಕಿಗೇ ಎದ್ದು, ಅನ್ನ ಸಾರು ಮಾಡಿ, ಡಬ್ಬಿ ಕಟ್ಟಿ, ದಿನವೆಲ್ಲ ಮೆಷಿನ್ ತುಳಿದು, ಸಂಜೆ ಬಂದು ಮತ್ತೆ ಒಲೆ ಮುಂದೆ ನಿಲ್ಲುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣೋದು ಭಾನುವಾರ ಒಂದೇ ದಿನ. ಆ ದಿನವೂ ಆಕೆ ಕೊನೆಗೇ ಉಂಡರೆ, ಅದನ್ನು ತ್ಯಾಗ ಅಂತ ಹಾಡುವ ಪದ್ಯ ಮನುವಿನ ಮನೆಯ ಪದ್ಯವೇ. ಗಂಡಸರು ಮುದ್ದೆ ತೊಳಸೋದು ಕಲಿತರೆ ಕ್ರಾಂತಿಗೇನೂ ನಷ್ಟವಿಲ್ಲ.

ಹಾಗಾಗಿ ಊಟದ ಬರಹಕ್ಕೆ ನಮ್ಮ ಒರೆಗಲ್ಲು ಇಷ್ಟು: ಅಡುಗೆ ಮಾಡಿದವರು ಜೊತೆಗೆ ಕೂತರೆ? ಎಲ್ಲರಿಗೂ ಪಾಲು ಸಿಕ್ಕಿತೆ? ಬಾಗಿಲು ತೆರೆದಿಟ್ಟು ಉಣ್ಣೋ ಧೈರ್ಯ ಇತ್ತೆ? ಈ ಮೂರಕ್ಕೆ ಉತ್ತರ ಹುಡುಕುವ ಬರಹ ಮುದ್ದೆ. ಉಳಿದದ್ದು ಬೂಸಾ.

ಹಳ್ಳಿಯ ಮೇಷ್ಟರಲ್ಲಿ, ಮೇಡಂಗಳಲ್ಲಿ ನಮ್ಮದೊಂದು ಮಾತು. 'ನಮ್ಮ ಮನೆಯ ಊಟ' ಅಂತ ಪ್ರಬಂಧ ಬರೆಸುತ್ತೀರಿ. ಭಾನುವಾರ ಮನೆಯಲ್ಲಿ ಬೋಟಿ ಬೇಯಿಸಿ ಉಂಡ ಮಗು ಸೋಮವಾರ ಅನ್ನ, ತಿಳಿಸಾರು, ಹಪ್ಪಳ ಅಂತ ಬರೆಯುತ್ತದೆ. ಆ ಮಗುವಿಗೆ ಸುಳ್ಳು ಹೇಳೋ ಚಟ ಇಲ್ಲ, ಪಕ್ಕದ ಬೆಂಚು ಏನನ್ನುತ್ತೋ ಅನ್ನೋ ಭಯ ಇದೆ. ಆ ಮಗು ಬೋಟಿ ಅಂತಲೇ ಬರೆದು, ಎದ್ದು ನಿಂತು ಗಟ್ಟಿಯಾಗಿ ಓದುವ ಹಾಗೆ ಮಾಡಿ. ಊಟದ ಸಾಹಿತ್ಯ ಅಲ್ಲಿಂದ ಶುರುವಾಗಲಿ.