ಮೊರದೊಳಗಿನ ಕೈಚಳಕ

ಸಿಗರೇಟು ಸುತ್ತಲು ಮನೆಯಲ್ಲಿಟ್ಟುಕೊಳ್ಳುವ ಪುಟ್ಟ ಯಂತ್ರಗಳಿವೆ. ದಕ್ಷಿಣ ಕನ್ನಡದ ಮನೆಗಳ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆ ಅವುಗಳ ಗೊಡವೆಯಿಲ್ಲ. ಮಡಿಲಲ್ಲೊಂದು ಮೊರ, ಕತ್ತರಿ, ಲೋಹದ ಅಚ್ಚು, ನೂಲಿನ ಉಂಡೆ. ಉಳಿದದ್ದೆಲ್ಲ ಬೆರಳಿನದೇ ಕಾರುಬಾರು.

ನಿಜವಾದ ಜಾಣ್ಮೆ ಎಲೆಯ ಹದದಲ್ಲಿದೆ. ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾದ ಕಾಡುಗಳಿಂದ ಬರುವ ತೆಂದು ಎಲೆಯನ್ನು ನೀರಲ್ಲಿ ನೆನೆಸಿ, ಒದ್ದೆ ಗೋಣಿಯಲ್ಲಿ ಸುತ್ತಿಡುತ್ತಾರೆ. ಒಣಗಿದ್ದರೆ ಸುರುಳಿ ಸುತ್ತುವಾಗ ಸೀಳುತ್ತದೆ, ಪಸೆ ಹೆಚ್ಚಾದರೆ ಬೂಸ್ಟು ಹಿಡಿಯುತ್ತದೆ. ಅಚ್ಚನ್ನು ಎಲೆಯ ಮೇಲೆ ಇಡುವುದರಲ್ಲೂ ಲೆಕ್ಕಾಚಾರವಿದೆ: ದಪ್ಪ ನರ ತಪ್ಪಬೇಕು, ತುಂಡೂ ಹೆಚ್ಚು ಬರಬೇಕು. ಕಂಟ್ರಾಕ್ಟುದಾರ ಎಲೆ ಕೊಡುವುದು ತೂಗಿಯೇ ತಾನೆ!

ಆಮೇಲೆ ಚಿಟಿಕೆ ಹೊಗೆಸೊಪ್ಪು. ತಕ್ಕಡಿಯಿಲ್ಲ, ಆದರೂ ಒಂದರಂತೆ ಇನ್ನೊಂದು. ಹೆಬ್ಬೆರಳು ಉರುಳಿಸುತ್ತದೆ, ಉಗುರು ಬಾಯಿ ಮಡಚುತ್ತದೆ, ನೂಲು ಬಿಗಿಯುತ್ತದೆ. ಸಡಿಲ ಕಟ್ಟಿದ್ದು ಬೇಗ ಆರುತ್ತದೆ, ತೀರಾ ಬಿಗಿಯಾದರೆ ಎಳೆಯಲು ಬರುವುದಿಲ್ಲ. ಇಷ್ಟೆಲ್ಲ ನಡೆಯುವಾಗ ಕಣ್ಣು ಟೀವಿ ಧಾರಾವಾಹಿಯ ಮೇಲಿರುತ್ತದೆ, ಬಾಯಿ ಪಕ್ಕದ ಮನೆಯವಳ ಜೊತೆ ತುಳುವಿನಲ್ಲಿ ಮಾತಾಡುತ್ತಿರುತ್ತದೆ.

ಬೀಡಿ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಸೇದುವವರ ಶ್ವಾಸಕೋಶವನ್ನು ಅದು ಕೆಡಿಸುತ್ತದೆ, ಕಟ್ಟುವವರ ಮೂಗಿಗೂ ಹೊಗೆಸೊಪ್ಪಿನ ಧೂಳು ಹೋಗುತ್ತದೆ. ಬೀಡಿ ಕಾರ್ಮಿಕರಿಗಾಗಿ 1966ರಲ್ಲೇ ಪ್ರತ್ಯೇಕ ಕಾನೂನು ಬಂತು. ಕೂಲಿ ಮಾತ್ರ ಇಂದಿಗೂ 1000 ಬೀಡಿಯ ಲೆಕ್ಕದಲ್ಲೇ.