ಅಮೃತಾ ಶೇರ್‌ಗಿಲ್‌ಳ ಚಿತ್ರಶೈಲಿಯ ವಿಕಾಸ

ಕಲಾವಿದರಿಗೆ ಸಲ್ಲುವ ಮನ್ನಣೆಯೂ ಅವರ ಕೃತಿಗಳ ಗುಣವೂ ಒಂದೇ ಹಾದಿಯಲ್ಲಿ ನಡೆಯಬೇಕೆಂಬ ನಿಯಮವಿಲ್ಲ. ಅಮೃತಾ ಶೇರ್‌ಗಿಲ್‌ಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಪಾಶ್ಚಾತ್ಯರ ರೀತಿಯನ್ನು ಕಲಿತು ಭಾರತೀಯ ವಸ್ತುವನ್ನು ಚಿತ್ರಿಸಿದವಳು ಈಕೆ ಎಂಬುದು ರೂಢಿಯ ಅಭಿಪ್ರಾಯ. ಇದು ಸುಳ್ಳಲ್ಲವಾದರೂ ಆಕೆಯ ಬೆಳವಣಿಗೆಯ ಪೂರ್ವಭಾಗಕ್ಕೆ ಮಾತ್ರ ಒಪ್ಪತಕ್ಕುದು. ಕೊನೆಯ ನಾಲ್ಕು ವರ್ಷಗಳಲ್ಲಿ ಬದಲಾದುದು ವಸ್ತುವಲ್ಲ, ನೋಟದ ಕ್ರಮವೇ.

ಅಮೃತಾ ೧೯೧೩ರ ಜನವರಿ ೩೦ರಂದು ಬುಡಾಪೆಸ್ಟ್ ನಗರದಲ್ಲಿ ಹುಟ್ಟಿದಳು. ತಂದೆ ಉಮ್ರಾವ್ ಸಿಂಗ್ ಪಂಜಾಬಿನ ಮಜೀಠಿಯಾ ಮನೆತನದವನು. ಸಂಸ್ಕೃತ, ಪಾರಸಿಗಳಲ್ಲಿ ವಿದ್ವಾಂಸ. ತಾಯಿ ಹಂಗೇರಿ ದೇಶದ ಗಾಯಕಿ. ೧೯೨೧ರಲ್ಲಿ ಕುಟುಂಬವು ಸಿಮ್ಲಾಕ್ಕೆ ಬಂದಿತು. ೧೯೨೯ರಲ್ಲಿ ಅಮೃತಾ ಪ್ಯಾರಿಸ್ಸಿಗೆ ಹೋಗಿ, ಅಲ್ಲಿನ ಪ್ರಸಿದ್ಧ ಕಲಾಶಾಲೆಯಲ್ಲಿ ಲೂಸಿಯೆನ್ ಸಿಮೋನನ ಶಿಷ್ಯೆಯಾದಳು. ೧೯೩೨ರಲ್ಲಿ ಬರೆದ 'ತರುಣಿಯರು' ಎಂಬ ಚಿತ್ರಕ್ಕೆ ಮರುವರ್ಷ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಸ್ವರ್ಣಪದಕವು ದೊರೆಯಿತು. ಎದುರುಬದುರಾಗಿ ಕುಳಿತ ಇಬ್ಬರು ಯುವತಿಯರ ಆ ಚಿತ್ರದಲ್ಲಿ ಶಿಕ್ಷಣದ ಹದವಿದೆ, ನೆರಳುಬೆಳಕುಗಳ ನಿಪುಣ ವಿನ್ಯಾಸವಿದೆ. ಆದರೆ ಅಂತಹ ನೈಪುಣ್ಯವು ಪ್ಯಾರಿಸ್ಸಿನ ಇತರ ಶಿಷ್ಯರಲ್ಲಿಯೂ ಇದ್ದುದೇ.

೧೯೩೪ರ ಕೊನೆಯಲ್ಲಿ ಆಕೆ ಭಾರತಕ್ಕೆ ಮರಳಿದಳು. ೧೯೩೫ರಲ್ಲಿ ಬರೆದ 'ಗುಡ್ಡಗಾಡಿನ ಸ್ತ್ರೀಯರು', 'ಮೂವರು ಹುಡುಗಿಯರು' ಎಂಬ ಚಿತ್ರಗಳಲ್ಲಿ ಆಕೃತಿಗಳು ನೀಳವಾದವು, ಹಿನ್ನೆಲೆಯು ಬರಿದಾಯಿತು. ಫ್ರೆಂಚ್ ಕಲಾವಿದರಾದ ಸೆಜಾನ್, ಗೋಗ್ಯಾ ಇವರ ಪ್ರಭಾವವು ಇಲ್ಲಿ ಸ್ಪಷ್ಟ. ಮೂವರು ಹುಡುಗಿಯರೂ ಒಬ್ಬರ ಮುಖವನ್ನೊಬ್ಬರು ನೋಡದೆ ಮೌನವಾಗಿ ಕುಳಿತಿದ್ದಾರೆ. ಈ ಚಿತ್ರಗಳ ಗಾಂಭೀರ್ಯವು ಅಲ್ಲಗಳೆಯತಕ್ಕುದಲ್ಲ. ಆದರೂ ಒಂದು ಆಕ್ಷೇಪಣೆಗೆ ಎಡೆಯುಂಟು: ಬಡವರ ದುಃಖವನ್ನು ದೂರದಿಂದ ಕಂಡು ಮರುಗಿದ ಸಿರಿವಂತರ ಮಗಳ ಕಣ್ಣು ಇಲ್ಲಿ ಇದೆ. ಚಿತ್ರದ ಜನರು ದುಃಖಕ್ಕೆ ಸಂಕೇತಗಳಾಗಿ ನಿಂತಿದ್ದಾರೆ. ಅವರಿಗೆ ತಮ್ಮದೇ ಆದ ಕೆಲಸವಾಗಲಿ, ನಗೆಯಾಗಲಿ ಇಲ್ಲ. ಹೀಗಿದ್ದರೂ ಮುಂಬಯಿಯ ಕಲಾಸಂಘವು ೧೯೩೭ರಲ್ಲಿ ಪದಕವಿತ್ತುದು 'ಮೂವರು ಹುಡುಗಿಯರು' ಚಿತ್ರಕ್ಕೇ.

ಅಷ್ಟರಲ್ಲಿ ಆಕೆ ಆ ಮಾರ್ಗವನ್ನು ಬಿಟ್ಟು ಮುಂದೆ ನಡೆದಿದ್ದಳು. ೧೯೩೬ರ ಕೊನೆಯಿಂದ ಮಾಡಿದ ದಕ್ಷಿಣಯಾತ್ರೆಯಲ್ಲಿ ಅಜಂತೆಯ ಭಿತ್ತಿಚಿತ್ರಗಳನ್ನೂ ಕೊಚ್ಚಿಯ ಮಟ್ಟಾಂಚೇರಿ ಅರಮನೆಯ ಚಿತ್ರಗಳನ್ನೂ ಕಂಡಳು. ಆ ದರ್ಶನದ ಫಲವಾಗಿ ೧೯೩೭ರಲ್ಲಿ 'ವಧುವಿನ ಅಲಂಕಾರ', 'ಬ್ರಹ್ಮಚಾರಿಗಳು', 'ಸಂತೆಗೆ ಹೋಗುವ ದಕ್ಷಿಣದ ಹಳ್ಳಿಗರು' ಎಂಬ ಮೂರು ಚಿತ್ರಗಳು ಹುಟ್ಟಿದವು. 'ಬ್ರಹ್ಮಚಾರಿಗಳು' ಚಿತ್ರದಲ್ಲಿ ಕೆಮ್ಮಣ್ಣಿನ ಬಣ್ಣದ ಮುಂದೆ ಧೋತ್ರಗಳ ಬಿಳುಪು ಬೆಳಗುತ್ತದೆ. ಐದು ಆಕೃತಿಗಳನ್ನು ಒಂದುಗೂಡಿಸುವುದು ಕಥೆಯಲ್ಲ, ಬಣ್ಣಗಳ ತೂಕ. ಅಜಂತೆಯಿಂದ ಆಕೆ ರೇಖೆಯನ್ನು ಎರವಲು ತರಲಿಲ್ಲ. ಗುಂಪನ್ನು ಕಟ್ಟುವ ರೀತಿಯನ್ನು ಕಲಿತಳು.

೧೯೩೮ರಲ್ಲಿ ಸೋದರಸಂಬಂಧಿಯಾದ ವೈದ್ಯ ವಿಕ್ಟರ್ ಏಗನ್ನನನ್ನು ವಿವಾಹವಾದ ಬಳಿಕ ಗೋರಖಪುರದ ಬಳಿಯ ಸರಾಯಾದಲ್ಲಿ ನೆಲಸಿದಳು. ಮೊಗಲ್ ಹಾಗೂ ಪಹಾಡಿ ಕಿರುಚಿತ್ರಗಳ ಅಭ್ಯಾಸವು ಆಕೆಯ ಕೈಯಲ್ಲಿ ಫಲಿಸಿತು. 'ಅಂತಃಪುರದ ಅಂಗಳ' ಎನ್ನಬಹುದಾದ ೧೯೩೮ರ ಚಿತ್ರದಲ್ಲಿ ಹಸಿರು ನೆಲವು ಆಳವಿಲ್ಲದೆ ಹರಡಿದೆ, ಸ್ತ್ರೀಯರು ತಮ್ಮ ಪಾಡಿಗೆ ತಾವಿದ್ದಾರೆ. ೧೯೪೦ರ 'ಪ್ರಾಚೀನ ಕಥೆಗಾರ'ದಲ್ಲಿ ಆಕೃತಿಗಳು ಕಿರಿದಾಗಿವೆ. ಮರುಕದ ಜಾಗದಲ್ಲಿ ಸಲಿಗೆಯೂ ತೆಳುವಾದ ಹಾಸ್ಯವೂ ಬಂದಿವೆ. ನೋಡುವವಳು ದಿಬ್ಬದಿಂದಿಳಿದು ಅಂಗಳದೊಳಗೆ ಬಂದಂತಾಗಿದೆ. ಆಕೆಯ ನಿಜವಾದ ಸಿದ್ಧಿ ಇದೇ. ಆದರೆ ಈ ಚಿತ್ರಗಳಿಗೆ ಪದಕ ಬರಲಿಲ್ಲ.

ಮನ್ನಣೆಯ ಕಥೆ ಹೀಗೆ ವಕ್ರವಾದುದು. ೧೯೩೫ರಲ್ಲಿ ಸಿಮ್ಲಾದ ಕಲಾಸಂಘವು ಕೆಲವು ಚಿತ್ರಗಳನ್ನು ನಿರಾಕರಿಸಿ ಒಂದಕ್ಕೆ ಬಹುಮಾನವಿತ್ತಾಗ ಆಕೆ ಅದನ್ನು ಹಿಂದಿರುಗಿಸಿದಳು. ಹೈದರಾಬಾದಿನಲ್ಲಿ ಸಾಲಾರ್ ಜಂಗನು ಚಿತ್ರಗಳನ್ನು ಮರಳಿಸಿದನೆಂದೂ, ಮೈಸೂರಿನ ಅರಮನೆಯು ರವಿವರ್ಮನ ಕೃತಿಗಳನ್ನೇ ಮೇಲೆಂದು ಬಗೆಯಿತೆಂದೂ ಆಕೆಯ ಚರಿತ್ರಕಾರರು ಹೇಳುತ್ತಾರೆ. ೧೯೪೧ರ ಡಿಸೆಂಬರ್ ೫ರಂದು ಲಾಹೋರಿನಲ್ಲಿ ಆಕೆ ತೀರಿಕೊಂಡಾಗ ವಯಸ್ಸು ಇಪ್ಪತ್ತೆಂಟು. ಮನೆಯ ಮೇಲಿನಿಂದ ಕಂಡ ಎಮ್ಮೆಗಳ ಚಿತ್ರವೊಂದು ಅಪೂರ್ಣವಾಗಿ ಉಳಿಯಿತು. ಮುಂದೆ ಪತಿಯೂ ತಂದೆಯೂ ಕೊಟ್ಟ ಚಿತ್ರಗಳು ದೆಹಲಿಯಲ್ಲಿ ೧೯೫೪ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾಶಾಲೆಗೆ ತಳಹದಿಯಾದವು. ೧೯೭೬ರಲ್ಲಿ ಆಕೆಯ ಕೃತಿಗಳು ರಾಷ್ಟ್ರದ ನಿಧಿಯೆಂದು ಘೋಷಿತವಾದವು. ೧೯೩೭ರ 'ಕಥೆಗಾರ' ಚಿತ್ರವು ೨೦೨೩ರ ಹರಾಜಿನಲ್ಲಿ ೬೧.೮ ಕೋಟಿ ರೂಪಾಯಿಗೆ ಮಾರಾಟವಾಯಿತು.

ಬೆಲೆಯು ಗುಣಕ್ಕೆ ಸಾಕ್ಷಿಯಲ್ಲ, ಹಿಂದಿನ ಉಪೇಕ್ಷೆಯೂ ದೋಷಕ್ಕೆ ಸಾಕ್ಷಿಯಾಗಿರಲಿಲ್ಲ. ಆಕೆ ಪಾಶ್ಚಾತ್ಯಳೋ ಭಾರತೀಯಳೋ ಎಂಬ ಚರ್ಚೆಯನ್ನು ಬದಿಗಿಟ್ಟು, ಸಿಮ್ಲಾದ ಗುಡ್ಡದಿಂದ ಸರಾಯಾದ ಅಂಗಳಕ್ಕೆ ಆ ದೃಷ್ಟಿ ಇಳಿದು ಬಂದ ದೂರವನ್ನು ಅಳೆಯುವುದೇ ವಿಮರ್ಶೆಯ ಕಾರ್ಯ.