ಓದಿ ಮುಗಿಸಿದವು, ನಡುವೆ ಬಿಟ್ಟವು

ಕನ್ನಡದಲ್ಲಿ ಪುಸ್ತಕದ ಬಗ್ಗೆ ಬರೆಯುವವರು ‘ಇದನ್ನು ನನ್ನಿಂದ ಮುಗಿಸಲಾಗಲಿಲ್ಲ’ ಎಂದು ಹೇಳುವುದು ತೀರಾ ಅಪರೂಪ. ಮುನ್ನುಡಿ ಬರೆಯುವವರು ಲೇಖಕರಿಗೆ ಬೇಕಾದವರು, ಬೆನ್ನುಡಿ ಬರೆಯುವವರೂ ಬೇಕಾದವರೇ. ಬಿಡುಗಡೆಯ ದಿನ ವೇದಿಕೆ ಹತ್ತಿದವರು ನಾಲ್ಕು ಒಳ್ಳೆಯ ಮಾತಾಡಿ ಇಳಿಯುತ್ತಾರೆ. ದುಡ್ಡು ಕೊಟ್ಟು ಕೊಂಡ ಓದುಗ ಎಪ್ಪತ್ತನೆಯ ಪುಟದಲ್ಲಿ ಯಾಕೆ ನಿಂತ ಎಂದು ಯಾರೂ ಕೇಳುವುದಿಲ್ಲ. ಅವನೂ ಹೇಳುವುದಿಲ್ಲ, ಹೇಳಿದರೆ ತನ್ನ ಓದಿಗೇ ಕುಂದು ಎಂಬ ಅಳುಕು ಅವನದು. ಈ ಮೌನದಿಂದ ಕನ್ನಡ ಪುಸ್ತಕಗಳಿಗೆ ನಷ್ಟವಾಗಿದೆ ಎಂದು ನಾನು ನಂಬಿದ್ದೇನೆ. ಹಾಗಾಗಿ ಈಚೆಗೆ ಓದಿದ, ಓದುತ್ತ ಕೈಬಿಟ್ಟ ಕೆಲವು ಪುಸ್ತಕಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ನಾನಿರುವುದು ತುಮಕೂರು ರಸ್ತೆಯ ಅರಿಶಿನಕುಂಟೆಯಲ್ಲಿ. ಲಾರಿಗಳ ಓಡಾಟ, ಗೋದಾಮುಗಳು, ಹೊಸ ಬಡಾವಣೆಗಳ ನಡುವಿನ ಊರು ಇದು. ಪುಸ್ತಕ ಬೇಕೆಂದರೆ ಗಾಂಧಿನಗರಕ್ಕೋ ಅವೆನ್ಯೂ ರಸ್ತೆಗೋ ಹೋಗುತ್ತೇನೆ. 2024ರ ನವೆಂಬರ್‌ನಲ್ಲಿ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಬಂದ ಮೇಲೆ ನಮ್ಮ ಕಡೆಯವರಿಗೆ ಓದುವುದಕ್ಕೂ ಒಂದು ಜಾಗ ಸಿಕ್ಕಿತು. ಮೊದಲ ನಿಲ್ದಾಣವಾದ್ದರಿಂದ ಕೂರಲು ಸೀಟಿರುತ್ತದೆ, ಮೆಜೆಸ್ಟಿಕ್ ಬರುವ ತನಕ ಕೈಯಲ್ಲಿ ಪುಸ್ತಕವಿರುತ್ತದೆ. ಇಂಥ ಓದಿನಲ್ಲಿ ಪುಸ್ತಕಕ್ಕೆ ರಿಯಾಯಿತಿ ಇಲ್ಲ. ದಿನದ ಕೆಲಸಕ್ಕೆ ಹೊರಟವನನ್ನು, ಸುಸ್ತಾಗಿ ಮರಳುವವನನ್ನು ಹಿಡಿದು ಕೂರಿಸುವ ಶಕ್ತಿ ಬರಹದಲ್ಲೇ ಇರಬೇಕು.

ನಮ್ಮೂರು ದಾಟಿದರೆ ನೆಲಮಂಗಲ. ಅಲ್ಲಿ ಹೆದ್ದಾರಿ ಕವಲೊಡೆದು ಒಂದು ತುಮಕೂರಿಗೆ, ಇನ್ನೊಂದು ಕುಣಿಗಲ್ ಮೇಲೆ ಹಾಸನಕ್ಕೆ ಹೋಗುತ್ತದೆ. ಈಚಿನ ಓದಿನಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಇಬ್ಬರೂ ಆ ಹಾಸನದ ಕಡೆಯವರು: ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ ಮತ್ತು ಹಾಸನದ ಬಾನು ಮುಷ್ತಾಕ್.

2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡ ಮೇಲೆ ಅವರ ಎರಡು ಕಾದಂಬರಿಗಳನ್ನು ಕೈಗೆತ್ತಿಕೊಂಡೆ. 1970ರ ‘ಗೃಹಭಂಗ’ವನ್ನು ಮತ್ತೊಮ್ಮೆ ಓದಿ ಮುಗಿಸಿದೆ. 2007ರ ‘ಆವರಣ’ವನ್ನು ನಡುವೆ ಬಿಟ್ಟೆ. ಒಬ್ಬನೇ ಲೇಖಕ, ಅದೇ ನೇರ ಗದ್ಯ. ಆದರೂ ಒಂದು ಓದಿಸಿಕೊಂಡಿತು, ಇನ್ನೊಂದು ಓದಿಸಿಕೊಳ್ಳಲಿಲ್ಲ.

‘ಆವರಣ’ ಬಂದಾಗ ಕನ್ನಡದಲ್ಲಿ ದೊಡ್ಡ ಜಗಳವಾಯಿತು. ಮುದ್ರಣದ ಮೇಲೆ ಮುದ್ರಣ ಖರ್ಚಾದವು. ಪುಸ್ತಕ ಯಾರ ಪರ, ಯಾರ ವಿರುದ್ಧ ಎಂಬುದರ ಸುತ್ತಲೇ ಪರ ವಿರೋಧದ ಲೇಖನಗಳು ಬಂದವು. ಕಾದಂಬರಿಯಾಗಿ ಅದು ನಿಲ್ಲುತ್ತದೆಯೇ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಸರಿಯಿತು. ನನ್ನ ತಕರಾರು ಇರುವುದು ಅಲ್ಲೇ. ಲಕ್ಷ್ಮಿ ಎಂಬ ಹುಡುಗಿ ಅಮೀರನನ್ನು ಮದುವೆಯಾಗಿ ರಜಿಯಾ ಆಗುತ್ತಾಳೆ. ಹಂಪಿಯ ಮೇಲೊಂದು ಸಾಕ್ಷ್ಯಚಿತ್ರ ಮಾಡಲು ಹೋದಾಗ ಅವಳಲ್ಲಿ ಅನುಮಾನ ಏಳುತ್ತದೆ. ಇಲ್ಲಿಯವರೆಗೆ ಅವಳೊಬ್ಬ ಹೆಂಗಸು. ತಂದೆಯನ್ನು ಬಿಟ್ಟು ಹೋದವಳು, ಗಂಡನ ಜೊತೆ ಒಂದೇ ವೃತ್ತಿಯಲ್ಲಿರುವವಳು, ಎರಡು ಮನೆತನಗಳ ನಡುವೆ ಸಿಕ್ಕಿಕೊಂಡವಳು. ತಂದೆ ಸತ್ತ ಮೇಲೆ ಅವಳು ಹಳ್ಳಿಗೆ ಹೋಗಿ ಅವರು ಕೂಡಿಸಿಟ್ಟ ಪುಸ್ತಕಗಳ ಮುಂದೆ ಕೂರುತ್ತಾಳೆ ನೋಡಿ, ಅಲ್ಲಿಂದ ಅವಳು ಕರಗತೊಡಗುತ್ತಾಳೆ. ಉಳಿಯುವುದು ಅವಳು ಓದಿದ್ದರ ಸಾರಾಂಶ. ಎದುರು ನಿಂತು ವಾದಿಸುವವರಿಗೆ ಲೇಖಕರು ಬಲವಾದ ಮಾತುಗಳನ್ನೇ ಕೊಟ್ಟಿಲ್ಲ. ಸೋಲುವುದಕ್ಕೆಂದೇ ಅವರನ್ನು ಕರೆತಂದಂತಿದೆ. ಕಥೆಯೊಳಗೇ ಆಕರ ಗ್ರಂಥಗಳ ಪಟ್ಟಿಯೂ ಸೇರಿಕೊಂಡಿದೆ. ಇತಿಹಾಸದ ಪುಸ್ತಕ ಬರೆದಿದ್ದರೆ ಆ ಪಟ್ಟಿಯನ್ನು ಇಟ್ಟುಕೊಂಡು ಒಂದೊಂದನ್ನೂ ಪರೀಕ್ಷಿಸಬಹುದಿತ್ತು. ಕಾದಂಬರಿಯಲ್ಲಿ ಆ ಅವಕಾಶವೂ ಇಲ್ಲ, ಕಥೆಯ ಸುಖವೂ ಇಲ್ಲ. ರಜಿಯಾ ಮನುಷ್ಯಳಾಗಿ ಉಳಿಯದ ಕಡೆ ನಾನು ನಿಂತೆ.

‘ಗೃಹಭಂಗ’ದ ನಂಜಮ್ಮನನ್ನು ನೋಡಿ. ಹೊಟ್ಟೆಯೊಂದನ್ನು ಬಿಟ್ಟರೆ ಬೇರೆ ಚಿಂತೆಯಿಲ್ಲದ ಗಂಡ ಚೆನ್ನಿಗರಾಯ, ಬಾಯಿಬಡುಕಿ ಅತ್ತೆ ಗಂಗಮ್ಮ. ಶಾನುಭೋಗಿಕೆಯ ಲೆಕ್ಕವನ್ನು ಗಂಡನ ಹೆಸರಿನಲ್ಲಿ ಇವಳೇ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುತ್ತಾಳೆ. ಬರ ಬರುತ್ತದೆ, ಪ್ಲೇಗ್ ಬರುತ್ತದೆ, ಬೆಳೆದ ಮಕ್ಕಳು ಕೈತಪ್ಪಿ ಹೋಗುತ್ತಾರೆ. ಇದರಿಂದ ಓದುಗ ಇಂಥದ್ದೇ ತೀರ್ಮಾನಕ್ಕೆ ಬರಬೇಕು ಎಂಬ ಒತ್ತಾಯ ಪುಸ್ತಕದಲ್ಲಿ ಎಲ್ಲೂ ಇಲ್ಲ. ಚೆನ್ನಿಗರಾಯನನ್ನು ಲೇಖಕರು ದಂಡಿಸುವುದೂ ಇಲ್ಲ, ತಿದ್ದುವುದೂ ಇಲ್ಲ. ಅವನು ಹೇಗಿದ್ದನೋ ಹಾಗೇ ಇರುತ್ತಾನೆ. ಗಂಗಮ್ಮನ ಬೈಗುಳದಲ್ಲೂ ಒಂದು ಜೀವವಿದೆ. ಅಭಿಪ್ರಾಯ ಹೇಳಬೇಕೆಂಬ ಆತುರವಿಲ್ಲದಾಗ ಭೈರಪ್ಪನವರ ಕೈಯಲ್ಲಿ ಇಡೀ ಸೀಮೆ ಎದ್ದು ಬರುತ್ತದೆ. ತಿಪಟೂರು, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳನ್ನು ಬಲ್ಲವರಿಗೆ ಅದರ ಧೂಳಿನ ವಾಸನೆಯೂ ಗುರುತು ಸಿಗುತ್ತದೆ.

ಇದೇ ಅಳತೆಗೋಲನ್ನು ಬಾನು ಮುಷ್ತಾಕ್ ಅವರ ಕತೆಗಳಿಗೂ ಹಿಡಿಯಬೇಕು, ಇಲ್ಲದಿದ್ದರೆ ಅದು ನ್ಯಾಯವಲ್ಲ. 2025ರ ಮೇ ತಿಂಗಳಲ್ಲಿ ದೀಪಾ ಭಾಸ್ತಿ ಅವರ ಅನುವಾದದ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನನ್ನಂಥ ಅನೇಕರು ಮೂಲ ಕತೆಗಳನ್ನು ಹುಡುಕಿಕೊಂಡು ಹೋದೆವು. ಬಂಡಾಯ ಚಳವಳಿಯ ಕಾಲದಿಂದ ಬರೆಯುತ್ತ ಬಂದವರನ್ನು ಪ್ರಶಸ್ತಿಯ ನಂತರ ಓದಿದವರೇ ನಮ್ಮಲ್ಲಿ ಹೆಚ್ಚು. ಎಲ್ಲ ಕತೆಗಳೂ ಒಂದೇ ಎತ್ತರದವಲ್ಲ. ‘ಒಮ್ಮೆ ಹೆಣ್ಣಾಗು ಪ್ರಭುವೇ’ ನೇರವಾಗಿ ದೇವರಿಗೆ ಇಟ್ಟ ಮೊರೆ. ಅದರ ಸಿಟ್ಟು ನಿಜವಾದದ್ದು, ಆದರೆ ಹೇಳಬೇಕಾದ್ದನ್ನೆಲ್ಲ ಅದೇ ಹೇಳಿ ಮುಗಿಸುವುದರಿಂದ ಓದುಗನಿಗೆ ಮಾಡಲು ಏನೂ ಉಳಿಯುವುದಿಲ್ಲ. ಪ್ರಶಸ್ತಿ ಬಂದಿದೆಯೆಂದು ಅದನ್ನೇ ಅವರ ಶ್ರೇಷ್ಠ ಕತೆಯೆಂದು ಕೊಂಡಾಡುವುದನ್ನು ನಾನು ಒಪ್ಪಲಾರೆ.

‘ಕರಿ ನಾಗರಗಳು’ ಬೇರೆಯೇ ಮಟ್ಟದ್ದು. ಗಂಡ ಬಿಟ್ಟ ಹೆಂಗಸು ನ್ಯಾಯ ಕೇಳಲು ಮಕ್ಕಳೊಂದಿಗೆ ಮಸೀದಿಯ ಮುಂದೆ ಬಂದು ಕೂರುತ್ತಾಳೆ. ಮುತವಲ್ಲಿ ದಿನ ದೂಡುತ್ತಾನೆ, ಕಾಯಿಲೆಯ ಮಗು ಕಣ್ಣೆದುರೇ ಸಾಯುತ್ತದೆ. ಕತೆಯ ಏಟು ಬೀಳುವುದು ಅದಾದ ಮೇಲೆ. ಮುತವಲ್ಲಿಯ ಹೆಂಡತಿ, ಹೆತ್ತು ಹೆತ್ತು ಸೋತವಳು, ಗಂಡನ ಮಾತು ಮೀರಿ ಆಪರೇಷನ್ನಿಗೆ ಹೊರಟೇಬಿಡುತ್ತಾಳೆ. ಅವಳು ಭಾಷಣ ಮಾಡುವುದಿಲ್ಲ. ಆ ಒಂದು ನಡೆಯಲ್ಲಿ ಗಂಡನ ಅಧಿಕಾರದ ಬುಡವೇ ಅಲುಗುತ್ತದೆ. ಗಿರೀಶ ಕಾಸರವಳ್ಳಿಯವರು ಈ ಕತೆಯನ್ನೇ ‘ಹಸೀನಾ’ ಚಿತ್ರ ಮಾಡಿದರು. ಅದರಲ್ಲಿ ನಟಿಸಿದ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ‘ಎದೆಯ ಹಣತೆ’ಯೂ ನನಗೆ ಮುಖ್ಯವಾದ ಕತೆ. ತವರಿನಿಂದ ವಾಪಸಾದ ಮೆಹರುನ್ ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ಅವಳನ್ನು ತಡೆಯುವುದು ತತ್ವವಲ್ಲ, ಮಗಳು ಸಲ್ಮಾ.

ಪುಸ್ತಕ ಕೈಬಿಡಲು ದಪ್ಪವೇ ಕಾರಣ ಎಂದು ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 1967ರ ‘ಮಲೆಗಳಲ್ಲಿ ಮದುಮಗಳು’ ಏಳುನೂರು ಪುಟ ಮೀರಿದ್ದು. ಅದರಲ್ಲಿ ನಾಯಿಗುತ್ತಿಗೆ ಎಷ್ಟು ಗೌರವವಿದೆಯೋ ಅವನ ನಾಯಿ ಹುಲಿಯನಿಗೂ ಅಷ್ಟೇ ಇದೆ. ತುಂಬಿ ಹರಿಯುವ ಹೊಳೆಯಲ್ಲಿ ಹುಲಿಯ ಕೊಚ್ಚಿಹೋದಾಗ ಆಗುವ ಸಂಕಟ ಎಷ್ಟೋ ಕಾದಂಬರಿಗಳಲ್ಲಿ ನಾಯಕ ಸತ್ತಾಗಲೂ ಆಗಿಲ್ಲ. ಸಿ. ಬಸವಲಿಂಗಯ್ಯನವರು ಅದನ್ನು ಅಹೋರಾತ್ರಿ ನಾಟಕವಾಗಿ ಆಡಿಸಿದಾಗ ಜನ ಬೆಳಗಿನ ತನಕ ಕೂತು ನೋಡಿದರು. ಇನ್ನು ‘ಘಾಚರ್ ಘೋಚರ್’ ಅಂಗೈಯಗಲದ ಪುಸ್ತಕ. ಹಣ ಬಂದ ಮನೆಯೊಂದು ಇರುವೆಗಳಿಗಿಂತ ಕ್ರೂರವಾಗುವ ಬಗೆಯನ್ನು ವಿವೇಕ ಶಾನಭಾಗರು ಎಲ್ಲೂ ವಿವರಿಸದೆ ತೋರಿಸಿದ್ದಾರೆ.

ಆದರೆ ಬೇಡದ ದಪ್ಪ ಎನ್ನುವುದೂ ಒಂದಿದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಸ್ತಕಕ್ಕೆ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ನೂರು ಪುಟಕ್ಕೆ ಇಳಿಸಬಹುದಾದ ಹಸ್ತಪ್ರತಿಯನ್ನು ಇಳಿಸಿದರೆ ಪ್ರಕಾಶಕರಿಗೆ ಸಿಗುವ ಹಣವೂ ಇಳಿಯುತ್ತದೆ. ಹಸ್ತಪ್ರತಿ ಓದಿ ‘ಈ ಅಧ್ಯಾಯ ಬೇಡ’ ಎನ್ನುವ ಸಂಪಾದಕರನ್ನು ಇಟ್ಟುಕೊಂಡ ಪ್ರಕಾಶನಗಳು ನಮ್ಮಲ್ಲಿ ತೀರಾ ಕಡಿಮೆ. ಕರಡು ತಿದ್ದುವವರಿದ್ದಾರೆ, ಪುಸ್ತಕ ತಿದ್ದುವವರಿಲ್ಲ. ನಾನು ನಡುವೆ ಬಿಟ್ಟ ಈಚಿನ ಹಲವು ಆತ್ಮಕಥೆಗಳಲ್ಲಿ ಬಾಲ್ಯದ ಭಾಗ ಚೆನ್ನಾಗಿದೆ. ನೌಕರಿ ಸಿಕ್ಕ ಮೇಲೆ ಸನ್ಮಾನ, ವರ್ಗಾವಣೆ, ಭೇಟಿಯಾದ ದೊಡ್ಡವರ ಹೆಸರುಗಳು ಶುರುವಾಗುತ್ತವೆ. ಅಲ್ಲಿಗೆ ನಿಲ್ಲಿಸಿ ಎನ್ನಲು ಒಬ್ಬ ಸಂಪಾದಕ ಸಾಕಾಗಿತ್ತು.

ನಮಗೆ ಹತ್ತಿರದ ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯನವರ ‘ಊರುಕೇರಿ’ ಈ ಮಾತಿಗೆ ಒಳ್ಳೆಯ ಉತ್ತರ. ನೊಗಕ್ಕೆ ಎತ್ತುಗಳ ಬದಲು ಇಬ್ಬರು ಮನುಷ್ಯರನ್ನು ಕಟ್ಟಿ ಹೊಲ ಉಳುತ್ತಿರುವುದನ್ನು ಮಗು ನೋಡುತ್ತದೆ. ಅವರಲ್ಲೊಬ್ಬ ತನ್ನ ಅಪ್ಪ. ಇಷ್ಟು ಹೇಳಿ ಲೇಖಕರು ಮುಂದೆ ಹೋಗುತ್ತಾರೆ. ಕನಿಕರ ಕೇಳುವುದಿಲ್ಲ, ಮಾತು ಬೆಳೆಸುವುದಿಲ್ಲ. ಸಿಟ್ಟು ಓದುಗನಲ್ಲಿ ತಾನಾಗಿ ಹುಟ್ಟುತ್ತದೆ.

‘ಕುಸುಮಬಾಲೆ’ಯನ್ನು ಅರ್ಧಕ್ಕೆ ಬಿಟ್ಟವರು ಬಹಳ ಜನ. ದೇವನೂರ ಮಹಾದೇವ ಅವರ ಈ ಪುಟ್ಟ ಪುಸ್ತಕ 1984ರಲ್ಲಿ ಬಂತು. ನಂಜನಗೂಡು ಸೀಮೆಯ ಆಡುಮಾತು ಬೆಂಗಳೂರು ಗ್ರಾಮಾಂತರದ ನಮ್ಮ ಕಿವಿಗೂ ಸುಲಭವಲ್ಲ. ಮೆಟ್ರೊದಲ್ಲಿ ಮನಸ್ಸಿನಲ್ಲೇ ಓದಿಕೊಳ್ಳುವ ಪುಸ್ತಕ ಅದಲ್ಲ. ಮನೆಯಲ್ಲಿ ಬಾಯಿಬಿಟ್ಟು ಓದಬೇಕು. ಹಾಗೆ ಓದಿದಾಗ ಇರುಳಲ್ಲಿ ಕೂಡಿ ಮಾತಾಡುವ, ದೀಪಗಳ ಜೀವವಾದ ಜೋತಮ್ಮಂದಿರ ದನಿ ಕೇಳಿಸುತ್ತದೆ, ಚನ್ನನ ಸಾವು ಊರಿನ ಸುದ್ದಿಯಾಗಿ ಕಿವಿಗೆ ಬೀಳುತ್ತದೆ. ಎಲ್. ಬಸವರಾಜು ಅವರು ಅದರ ಗದ್ಯವನ್ನು ಕಾವ್ಯದ ಸಾಲುಗಳಾಗಿ ಜೋಡಿಸಿ ಕೊಟ್ಟದ್ದೂ ಇದೇ ಕಾರಣಕ್ಕೆ ಎಂದು ತಿಳಿಯುತ್ತೇನೆ.

ನಮ್ಮ ಜಿಲ್ಲೆಯವರೇ ಆದ, ದೊಡ್ಡಬಳ್ಳಾಪುರದ ನೇಕಾರ ಮನೆತನದ ಡಿ.ಆರ್. ನಾಗರಾಜ್ ಅವರ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ಯನ್ನೂ ನಡುವೆ ನಿಲ್ಲಿಸಿದ್ದೇನೆ. ಕಾಶ್ಮೀರ ಶೈವದ ಪರಿಚಯವಿಲ್ಲದ ಓದುಗನನ್ನು ಅದು ಕೈಹಿಡಿದು ನಡೆಸುವುದಿಲ್ಲ. ಪರಿಭಾಷೆಯ ಮೇಲೆ ಪರಿಭಾಷೆ ಬೀಳುತ್ತದೆ. ಆದರೆ ಒಂದು ವಚನವನ್ನು ಹಿಡಿದು ಅವರು ಬಿಡಿಸಲು ಕೂತಲ್ಲಿ ಕನ್ನಡದಲ್ಲಿ ಅಂಥ ಓದು ಬೇರೆ ಯಾರದ್ದನ್ನೂ ನಾನು ಕಂಡಿಲ್ಲ. ಅದನ್ನು ‘ಆವರಣ’ದ ಜೊತೆ ಸೇರಿಸಲಾರೆ. ಅದಕ್ಕೆ ಬೇಕಾದ ಸಿದ್ಧತೆ ಮಾಡಿಕೊಂಡು ಮತ್ತೆ ಓದುತ್ತೇನೆ. ‘ಆವರಣ’ವನ್ನು ಮತ್ತೆ ತೆರೆಯುವುದಿಲ್ಲ.

ಪತ್ರಿಕೆಗಳ ಪುಸ್ತಕ ವಿಭಾಗ ನೋಡಿಕೊಳ್ಳುವವರಲ್ಲಿ ನನ್ನದೊಂದು ವಿನಂತಿ. ಮುಗಿಸಲಾಗದ ಪುಸ್ತಕದ ಬಗ್ಗೆಯೂ ಬರೆಸಿ. ಯಾವ ಪುಟದಲ್ಲಿ, ಯಾವ ಕಾರಣಕ್ಕೆ ನಿಂತೆವೆಂದು ವಿಮರ್ಶಕರು ಹೆಸರು ಹಾಕಿಯೇ ಹೇಳಲಿ. ಭೈರಪ್ಪನವರನ್ನು ಈವರೆಗೆ ಓದದವರಿದ್ದರೆ ‘ಗೃಹಭಂಗ’ದಿಂದ ಶುರುಮಾಡಿ.